ದೊಡ್ಡ ಡಾಕ್ಟರಿಗೆ ನಾನು ಹೇಳಿದ ಪಥ್ಯ

ಬಲ್ಮಠದ ದೊಡ್ಡ ಡಾಕ್ಟರಿಗೆ ವಾರಗಟ್ಟಲೆ ಮೀನಿನ ವಾಸನೆಯೂ ಸೋಕದಂತೆ ನೋಡಿಕೊಂಡವನು ನಾನು. ನಾಚಿಕೊಂಡು ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ. ನನ್ನ ಕಾಲದಲ್ಲಿ ಕಾಲರಾ ನೋಡಿದ್ದೇನೆ, ಟೈಫಾಯ್ಡ್, ಕಾಮಾಲೆ, ಮಲೇರಿಯಾ, ಇಲಿಜ್ವರ ಎಲ್ಲ ನೋಡಿದ್ದೇನೆ, ಬಹಳ ಮಂದಿಯನ್ನು ಬದುಕಿಸಿದ್ದೇನೆ ಕೂಡ. ಆದರೆ ಇಡೀ ವೃತ್ತಿಯಲ್ಲಿ ಯಾವ ಚಿಕಿತ್ಸೆ ನಿಮಗೆ ಹೆಚ್ಚು ಖುಷಿ ಕೊಟ್ಟಿತು ಎಂದು ಯಾರಾದರೂ ಕೇಳಿದರೆ, ಆ ಮನುಷ್ಯನಿಗೆ ಕುಡಿಸಿದ ಗಂಜಿಯನ್ನೇ ನೆನೆಯುತ್ತೇನೆ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಬೊಂಬಾಯಿಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯೊಂದರಲ್ಲಿ ಕಲಿತು ನಮ್ಮೂರು ಮಂಗಳೂರಿಗೆ ಬಂದೆ. ಉರ್ವ ಮಾರ್ಕೆಟ್ಟಿನ ಹತ್ತಿರ ಮಹಡಿಯ ಮೇಲೊಂದು ಕೋಣೆ ಹಿಡಿದೆ. ಒಂದು ಮೈಕ್ರೋಸ್ಕೋಪು, ಒಂದು ಬೆಂಚು, ಹೊರಗೊಂದು ಬೋರ್ಡು. ನಮ್ಮ ಹಿರಿಯರು ಗೇಣಿಗೆ ಗದ್ದೆ ಮಾಡಿದವರು. ದೊಡ್ಡ ಡಾಕ್ಟರದು ಗದ್ದೆಯನ್ನು ಗೇಣಿಗೆ ಕೊಟ್ಟ ಮನೆತನ, ಭೂಸುಧಾರಣೆಯಲ್ಲಿ ಗದ್ದೆ ಹೋದ ಮೇಲೆ ಹೋಟೆಲು ಮಾಡಿ ಇನ್ನೂ ದೊಡ್ಡದಾದ ಮನೆತನ. ಬಲ್ಮಠದ ಅವರ ಕ್ಲಿನಿಕ್ಕಿನ ಬೆಂಚು ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ತುಂಬುತ್ತಿತ್ತು. ನನ್ನ ಬೆಂಚಿನ ಮೇಲೆ ಮಾರ್ಕೆಟ್ಟಿನ ಬೆಕ್ಕು ಮಲಗುತ್ತಿತ್ತು.

ಇದಕ್ಕೆ ಕಾರಣ ಪಥ್ಯ. ನಮ್ಮ ಕಡೆ ರೋಗಿ ಮದ್ದು ತೆಗೆದುಕೊಂಡು ಏಳುವ ಮೊದಲು ಒಂದು ಪ್ರಶ್ನೆ ಕೇಳಿಯೇ ಏಳುತ್ತಾನೆ: "ಪಥ್ಯ ಎಂತ ಡಾಕ್ಟ್ರೇ?" ಮೀನು ನಂಜು, ಬದನೆ ನಂಜು, ಬಸಳೆ ನಂಜು. ನಂಜು ಎಂದರೆ ಗಾಯ ಕೀವಾಗುವುದು, ಇಳಿದ ಜ್ವರ ತಿರುಗಿ ಏರುವುದು, ಮದ್ದು ಕೆಡುವುದು, ಎಲ್ಲವೂ. ಯಾವ ಡಾಕ್ಟರ್ ಹೆಚ್ಚು ನಿಷೇಧಿಸುತ್ತಾನೋ ಅವನ ಮದ್ದು ಅಷ್ಟು ಖಡಕ್ ಎಂದು ಊರಿನ ನಂಬಿಕೆ. ದೊಡ್ಡ ಡಾಕ್ಟರು ಪಥ್ಯದ ಮಹಾರಾಜ. ಶೀತಕ್ಕೂ ಮೀನು ಬಿಡಿಸುತ್ತಿದ್ದರು. ತಾವು ಮಾತ್ರ ದಿನಾ ಮಧ್ಯಾಹ್ನ ಕಾಣೆ ಮೀನು ಹುರಿಸಿಕೊಂಡು ತಿನ್ನುತ್ತಿದ್ದರು. ಜ್ವರ ಬಂದರೂ ತಿನ್ನುತ್ತಿದ್ದರು. ಪಥ್ಯ ಇದ್ದದ್ದು ಬೆಂಚಿನವರಿಗೆ.

ನಾನು ಬೊಂಬಾಯಿಯಲ್ಲಿ ಕಲಿತ ಮೂರ್ಖ. "ಪಥ್ಯ ಎಂತದೂ ಇಲ್ಲ, ಚೆನ್ನಾಗಿ ತಿನ್ನಿ" ಎನ್ನುತ್ತಿದ್ದೆ. ರೋಗಿಯ ಮುಖ ಅಲ್ಲೇ ಸಪ್ಪೆಯಾಗುತ್ತಿತ್ತು.

ಹೀಗೆ ಕೆಲವು ವರ್ಷ ಕಳೆದ ಮೇಲೆ ಕುವೈತಿಗೆ ಹೊರಟಿದ್ದ ಒಬ್ಬ ಮೆಕ್ಯಾನಿಕ್ಕಿಗೆ ಟೈಫಾಯ್ಡ್ ಬಂತು. ನಾನು ಸರಿಯಾದ ಮದ್ದನ್ನೇ ಕೊಟ್ಟೆ, ಜ್ವರ ಇಳಿಯಿತು. ಸೊರಗಿ ಕಡ್ಡಿಯಾಗಿದ್ದ ಅವನಿಗೆ ಮೆತ್ತಗಿನ ಅನ್ನ, ಮೊಟ್ಟೆ, ಮುಳ್ಳು ಬಿಡಿಸಿದ ಮೀನು ಕೊಡಿ ಎಂದು ಅವನ ತಾಯಿಗೆ ಹೇಳಿದೆ. ಟೈಫಾಯ್ಡಿಗೊಂದು ಕೆಟ್ಟ ಚಾಳಿ ಇದೆ. ಕೆಲವರಲ್ಲಿ ಅದು ಹೋದ ಹಾಗೆ ಮಾಡಿ ತಿರುಗಿ ಬರುತ್ತದೆ, ಹೊಟ್ಟೆಗೆ ಏನು ಹಾಕಿದರೂ, ಏನೂ ಹಾಕದಿದ್ದರೂ. ಇವನಿಗೂ ಬಂತು. ತಾಯಿ ಅವನನ್ನು ಕಾರಿನಲ್ಲಿ ಮಲಗಿಸಿಕೊಂಡು ಬಲ್ಮಠಕ್ಕೆ ಒಯ್ದಳು. ದೊಡ್ಡ ಡಾಕ್ಟರು ನಾನು ಕೊಟ್ಟ ಮದ್ದನ್ನೇ ಮತ್ತೆ ಕೊಟ್ಟರು, ಜೊತೆಗೆ ಗಂಜಿನೀರು. ಗುಣವಾಯಿತು. ಕೀರ್ತಿ ಗಂಜಿನೀರಿಗೆ ಹೋಯಿತು.

ಅಷ್ಟಕ್ಕೇ ನಿಂತಿದ್ದರೆ ನಾನೂ ಮರೆತುಬಿಡುತ್ತಿದ್ದೆನೇನೋ. ಆಮೇಲೊಂದು ಮದುವೆಯ ಊಟ. ನಾನು ಮಾವನ ಪಕ್ಕ ಕೂತಿದ್ದೆ. ಎದುರು ಸಾಲಿನಲ್ಲಿ ದೊಡ್ಡ ಡಾಕ್ಟರು. ಮೀನು ಬಡಿಸುವವನು ನನ್ನ ಹತ್ತಿರ ಬಂದದ್ದೇ, ಅವರು ಇಡೀ ಸಾಲಿಗೆ ಕೇಳುವಂತೆ ಕೂಗಿದರು:

"ಅವನಿಗೆ ಇನ್ನೆರಡು ತುಂಡು ಹಾಕು ಮಾರಾಯ! ಅವ ಮೀನು ಡಾಕ್ಟ್ರು. ಟೈಫಾಯ್ಡಿಗೂ ಮೀನು, ಮಲೇರಿಯಾಕ್ಕೂ ಮೀನು. ಸತ್ತವನ ಬಾಯಿಗೂ ಬೂತಾಯಿ ಇಟ್ಟಾನು!"

ಸಾಲು ಸಾಲೇ ನಕ್ಕಿತು. ಬಡಿಸುವವನೂ ನಕ್ಕು ನಿಜಕ್ಕೂ ಎರಡು ತುಂಡು ಹಾಕಿದ. ಮಾವ ಮಾತ್ರ ನಗಲಿಲ್ಲ. ಮನೆಗೆ ಹೋಗುವಾಗ ಮೆಲ್ಲಗೆ ಹೇಳಿದರು: "ಅಳಿಯಂದಿರೇ, ಈಗ ಗಲ್ಫಿನಲ್ಲಿ ಡಾಕ್ಟ್ರುಗಳಿಗೆ ಒಳ್ಳೆ ಡಿಮ್ಯಾಂಡ್ ಉಂಟಂತೆ."

ಆ ಹೆಸರು ಅಂಟಿಕೊಂಡಿತು. ಮೀನು ಡಾಕ್ಟ್ರು. ಜ್ವರದವರು ನನ್ನ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು. ಗಲ್ಫಿಗೆ ಹೋಗುವವರು ಮಾತ್ರ ಬರುತ್ತಿದ್ದರು. ಚುಚ್ಚುಮದ್ದು ಹಾಕಿಸಿ ಹಳದಿ ಪುಸ್ತಕಕ್ಕೆ ಸೀಲು ಬೀಳದೆ ಬಜಪೆಯಿಂದ ಬೊಂಬಾಯಿ ವಿಮಾನ ಹತ್ತಿ ಪ್ರಯೋಜನವಿರಲಿಲ್ಲ. ಅವರೂ ತೋಳು ಉಜ್ಜಿಕೊಳ್ಳುತ್ತ ಕೇಳುತ್ತಿದ್ದರು, "ಪಥ್ಯ?" ಇಲ್ಲ ಎಂದರೆ, ನೀರು ಚುಚ್ಚಿದನೋ ಎಂಬಂತೆ ನೋಡುತ್ತಿದ್ದರು. ಹೀಗೇ ಇನ್ನೊಂದು ಮಳೆಗಾಲ ಕಳೆದರೆ ಬೋರ್ಡು ಇಳಿಸಿ, ನನಗೆ ನಾನೇ ಚುಚ್ಚಿಕೊಂಡು, ದುಬೈ ವಿಮಾನ ಹತ್ತಬೇಕಿತ್ತು. ಉರ್ವದಲ್ಲಿ ಉಳಿಯಬೇಕಾದರೆ ಆ ಹೆಸರು ಅಳಿಯಬೇಕು, ಅದನ್ನು ಇಟ್ಟ ಬಾಯಿಯೇ ಅಳಿಸಬೇಕು. "ಜ್ವರಕ್ಕೆ ಮೀನು ತಿನ್ನಬಹುದು" ಎಂದು ಅವರು ತಮ್ಮ ಬೆಂಚಿನ ಎದುರು ಹೇಳುವ ತನಕ ಬಿಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ.

ಕೈ ಸುಮ್ಮನಿರುವುದಿಲ್ಲವಲ್ಲ, ಸಣ್ಣದರಿಂದ ಶುರು ಮಾಡಿದೆ. ನನ್ನ ಗೆಳೆಯರನ್ನು ಒಬ್ಬೊಬ್ಬರಾಗಿ ಜ್ವರದ ನೆಪ ಹೇಳಿಸಿ ಬಲ್ಮಠಕ್ಕೆ ಕಳಿಸಿದೆ. ಪ್ರಶ್ನೆ ನಾನೇ ಕಲಿಸಿದ್ದು.

"ಡಾಕ್ಟ್ರೇ, ಮೀನು ಕೊಯ್ದ ಕತ್ತಿಯಲ್ಲಿ ತೊಂಡೆಕಾಯಿ ಕೊಯ್ದರೆ ಆಗ್ತದಾ?"

"ಬೇಡ. ನಂಜು."

"ಸಿಟಿ ಬಸ್ಸಿಗೆ ಮೀನಿನ ಬುಟ್ಟಿ ಹತ್ತಿದರೆ ನಾನು ಇಳಿಯಬೇಕಾ?"

"ಇಳಿಯುವುದು ಬೇಡ. ಕಿಟಕಿ ಬದಿಯಲ್ಲಿ ಮೂಗು ಹೊರಗೆ ಹಾಕಿ ಕೂತ್ಕೊ."

"ಹೆಂಡತಿ ಬಂಗುಡೆ ತಿಂದು ಬಂದು ನನ್ನ ಹತ್ರ ಮಾತಾಡಿದರೆ?"

ದೊಡ್ಡ ಡಾಕ್ಟರು ಇದಕ್ಕೆ ಸ್ವಲ್ಪ ಯೋಚಿಸಿದರಂತೆ. "ಬಾಗಿಲಿನ ಹತ್ರ ನಿಂತು ಮಾತಾಡ್ಲಿ."

ಸಂಜೆ ನನ್ನ ಕೋಣೆಯಲ್ಲಿ ಈ ಉತ್ತರಗಳನ್ನು ಹೇಳಿ ಹೇಳಿ ಹೊಟ್ಟೆ ಹಿಡಿದು ನಗುತ್ತಿದ್ದೆವು. ಆದರೆ ನಗು ಮುಗಿದ ಮೇಲೆ ನೋಡಿದರೆ ಬೆಂಚಿನ ಮೇಲೆ ಅದೇ ಬೆಕ್ಕು.

ಎಂಬತ್ತರ ದಶಕ ಶುರುವಾದ ಮೇಲೆ ನನ್ನ ದಿನ ಬಂತು. ದೊಡ್ಡ ಡಾಕ್ಟರ ತಂಗಿಯ ಮನೆಯವರು ಮೊಂಬಾಸಾದಲ್ಲಿದ್ದರು, ಅಲ್ಲೊಂದು ಮದುವೆ. ಗಂಡ ಹೆಂಡತಿ ಇಬ್ಬರೂ ಹೊರಟರು. ಒಂದು ದಿನ ಆ ಹೆಂಡತಿ, ಐವತ್ತು ದಾಟಿದ ಗಂಭೀರ ಹೆಂಗಸು, ನನ್ನ ಮೆಟ್ಟಿಲು ಹತ್ತಿ ಬಂದರು.

"ಆಫ್ರಿಕಾದಲ್ಲಿ ಸೊಳ್ಳೆ ಜೋರಂತೆ ಅಲ್ವಾ ಡಾಕ್ಟ್ರೇ? ಅದಕ್ಕೆ ಮಾತ್ರೆ ನಿಮ್ಮ ಹತ್ರ ಉಂಟು ಅಂತ ಕೇಳಿದೆ."

ನಾನು ಇಬ್ಬರಿಗೂ ಆಗುವಷ್ಟು ಕ್ಲೋರೋಕ್ವಿನ್ ಕೊಟ್ಟೆ. ವಾರಕ್ಕೊಮ್ಮೆ ನುಂಗಬೇಕು, ಹೋಗುವ ಮೊದಲೇ ಶುರು ಮಾಡಬೇಕು, ಬಂದ ಮೇಲೂ ಬಿಡಬಾರದು ಎಂದು ಬಿಡಿಸಿ ಹೇಳಿದೆ. ದ್ವೇಷ ಇದ್ದರೂ ಮಾತ್ರೆಯಲ್ಲಿ ಮೋಸ ಮಾಡುವವನು ನಾನಲ್ಲ. ಆಮೇಲೆ ಅವರೇ ಹೇಳಿದ್ದು: ಗಂಡ ತಮ್ಮ ಪಾಲಿನ ಪೊಟ್ಟಣವನ್ನು ಕಿಟಕಿಯಿಂದ ಹೊರಗೆ ಎಸೆದು, "ಮಂಗಳೂರಿನ ಸೊಳ್ಳೆ ಇಷ್ಟು ವರ್ಷದಲ್ಲಿ ಎಂತ ಮಾಡಿತು ನನ್ನನ್ನು? ಆಫ್ರಿಕಾದ್ದಕ್ಕೆ ಕೋಡು ಉಂಟಾ?" ಎಂದರಂತೆ. ಹೆಂಡತಿ ಸದ್ದಿಲ್ಲದೆ ತಮ್ಮ ಪಾಲು ನುಂಗಿದರು.

ವಾಪಸು ಬಂದು ಹೆಚ್ಚು ದಿನ ಆಗಿರಲಿಲ್ಲ. ಬೆಳಿಗ್ಗೆ ಆ ಮನೆಯ ಕಾರು ಮಾರ್ಕೆಟ್ಟಿನ ಎದುರು ನಿಂತಿತು. ದೊಡ್ಡ ಡಾಕ್ಟರಿಗೆ ಚಳಿಜ್ವರ, ವಾಂತಿ, ಕಣ್ಣು ಹಳದಿ. ತಮಗೆ ಟೈಫಾಯ್ಡ್ ಎಂದು ತಾವೇ ತೀರ್ಪು ಕೊಟ್ಟುಕೊಂಡು ಮದ್ದು ನುಂಗುತ್ತಿದ್ದರಂತೆ. ಹೆಂಡತಿಗೆ ಹೆದರಿಕೆಯಾಗಿ ನನಗೆ ಕರೆ ಕಳಿಸಿದ್ದರು. ಮೈಕ್ರೋಸ್ಕೋಪನ್ನು ತೊಡೆಯ ಮೇಲಿಟ್ಟುಕೊಂಡು ಅವರ ಕಾರಿನಲ್ಲೇ ಹೋದೆ.

ಮಂಚದ ಮೇಲಿಂದ ಹಳದಿ ಕಣ್ಣು ಕೆಕ್ಕರಿಸಿ ನೋಡಿದರು. "ನೀನಾ? ಮೀನು ತಂದಿದ್ದೀಯಾ?"

"ಇಲ್ಲ ಸರ್. ಸೂಜಿ."

"ಎಂತ ಸೂಜಿ? ಇದು ಟೈಫಾಯ್ಡ್. ನಿನಗಿಂತ ಮೊದಲು ನಾನು ಡಾಕ್ಟ್ರು ಆದವ."

"ಆಗ್ಲಿ ಸರ್. ಟೈಫಾಯ್ಡಿನ ರಕ್ತ ಹೇಗಿರ್ತದೆ ಅಂತ ನಾನೂ ಒಮ್ಮೆ ನೋಡ್ತೇನೆ."

ಬೆರಳು ಹಿಡಿದು ಚುಚ್ಚಿದೆ. ಒಮ್ಮೆ ಚುಚ್ಚಿದ್ದೇ ಸಾಕಿತ್ತು. ಪಕ್ಕದ ಬೆರಳಿಗೂ ಚುಚ್ಚಿದೆ. ಮದುವೆ ಮನೆಯಲ್ಲಿ ಎರಡು ತುಂಡು ಹಾಕಿಸಿದ್ದರಲ್ಲ.

ಬಣ್ಣ ಹಾಕಿ ಒಣಗಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕೆಂಪು ಕಣಗಳ ಒಳಗೆಲ್ಲ ಸಣ್ಣ ಸಣ್ಣ ಉಂಗುರ, ಒಂದೊಂದರಲ್ಲಿ ಎರಡೆರಡು. ಮಲೇರಿಯಾದಲ್ಲೇ ಕೊಲ್ಲುವ ಜಾತಿ. ಮೈಕ್ರೋಸ್ಕೋಪನ್ನು ಮಂಚದ ಬದಿಗೆ ತಂದಿಟ್ಟೆ. ಅವರು ಮೊಣಕೈ ಊರಿ ಎದ್ದು ಒಂದು ಕಣ್ಣಿಟ್ಟು ನೋಡಿದರು. ಏನೇ ಹೇಳಿ, ಓದಿದ ಮನುಷ್ಯ. ತಿರುಗಿ ಮಲಗಿ ಗೋಡೆ ನೋಡಿಕೊಂಡು ಕೇಳಿದರು:

"ಕ್ವಿನೈನ್ ಉಂಟಾ ನಿನ್ನ ಹತ್ರ?"

ಉಂಟು. ಆ ಹುಳದ ಜೊತೆ ನಾನು ತಮಾಷೆ ಮಾಡುವುದಿಲ್ಲ. ನರ್ಸಿಂಗ್ ಹೋಮಿಗೆ ಸೇರಿಸಿ, ಡ್ರಿಪ್ಪಿನಲ್ಲಿ ಕ್ವಿನೈನ್ ಹಾಕಿ, ಹತ್ತಿರವೇ ಕುರ್ಚಿ ಎಳೆದು ಕೂತೆ. ಒಂದು ಸಂಜೆ ಅವರಿಗೆ ಜ್ವರದ ಬಡಬಡಿಕೆ ಶುರುವಾಯಿತು. ಅಡುಗೆಯವನನ್ನು ಕರೆದು ಕಾಣೆ ಸರಿ ಹುರಿದಿಲ್ಲ ಎಂದು ಬೈಯತೊಡಗಿದರು. ಹೆಂಡತಿ ಅತ್ತರು. ನನಗೂ ಬೆವರಿತು. ಈ ಮನುಷ್ಯ ಸತ್ತರೆ ನನ್ನ ಹೆಸರು ಶಾಶ್ವತವಾಗಿ ಮೀನು ಡಾಕ್ಟರೇ, ಅಳಿಸುವ ಬಾಯಿಯೇ ಇರುವುದಿಲ್ಲ. ಹಟ ಹಿಡಿದು ಬದುಕಿಸಿದೆ. ನಾಲ್ಕಾರು ದಿನದಲ್ಲಿ ಜ್ವರ ಬಿಟ್ಟಿತು.

"ಕಿವಿಯಲ್ಲಿ ಗಂಟೆ ಬಾರಿಸಿದ ಹಾಗೆ ಆಗ್ತದೆ ಮಾರಾಯ," ಎಂದರು.

"ಕ್ವಿನೈನ್ ಸರ್. ನೀವು ಬದುಕಿದ್ದೀರಿ ಅಂತ ಊರಿಗೆ ಹೇಳ್ತಾ ಉಂಟು."

ಮನೆಗೆ ಕಳಿಸುವ ದಿನ. ಕೋಣೆಯ ತುಂಬ ಅವರ ಕಡೆಯವರು, ಅಡುಗೆಯವನು, ಹೋಟೆಲಿನ ಮ್ಯಾನೇಜರು. ದೊಡ್ಡ ಡಾಕ್ಟರು ದಿಂಬಿಗೆ ಒರಗಿ ಕೂತಿದ್ದರು. ಹೆಂಡತಿ ಸೆರಗು ಸರಿಮಾಡಿಕೊಂಡು ಕೇಳಿದರು:

"ಪಥ್ಯ ಎಂತ ಡಾಕ್ಟ್ರೇ?"

ನನ್ನ ಜನ್ಮದಲ್ಲಿ ಆ ಪ್ರಶ್ನೆಗೆ ಇಲ್ಲ ಎಂದೇ ಹೇಳಿದವನು ನಾನು. ದೊಡ್ಡ ಡಾಕ್ಟರೂ ಅದನ್ನೇ ಕಾಯುತ್ತಿದ್ದರು. ಅಡುಗೆಯವನ ಕಡೆ ಆಗಲೇ ಕಣ್ಣು ಹೊರಳಿಸಿದ್ದರು. ನಾನು ಮುಖ ಗಂಟಿಕ್ಕಿಕೊಂಡೆ.

"ಪಥ್ಯ ಉಂಟು ಅಕ್ಕ. ಭಾರೀ ಪಥ್ಯ. ನನ್ನದಲ್ಲ, ಸರ್ ಇಷ್ಟು ವರ್ಷ ಊರಿಗೆಲ್ಲ ಹೇಳಿದ್ದೇ. ಗಂಜಿ, ಹೆಸರುಬೇಳೆ, ಹಾಲು. ಮೀನಿಲ್ಲ, ಮೊಟ್ಟೆ ಇಲ್ಲ, ಕೋಳಿ ಇಲ್ಲ. ಮೀನು ಕೊಯ್ದ ಕತ್ತಿ ಅವರ ತರಕಾರಿಗೆ ಮುಟ್ಟಬಾರದು. ಮನೆಯಲ್ಲಿ ಮೀನು ತಿಂದವರು ಬಾಗಿಲಿನ ಹತ್ರ ನಿಂತು ಮಾತಾಡಬೇಕು. ಅಲ್ವಾ ಸರ್?"

ಎಲ್ಲರೂ ಅವರ ಕಡೆ ತಿರುಗಿದರು. ಇದೆಲ್ಲ ಸುಳ್ಳು ಎಂದರೆ ಇಷ್ಟು ವರ್ಷ ಬೆಂಚಿಗೆ ಹೇಳಿದ್ದೂ ಸುಳ್ಳಾಗುತ್ತಿತ್ತು. ಅವರು ಅಡುಗೆಯವನ ಮೇಲಿಂದ ಕಣ್ಣು ತೆಗೆದರು.

"ಹೌದು," ಎಂದರು.

ಗಂಜಿ, ಬೇಳೆ, ಹಾಲು ಕುಡಿದು ಯಾರೂ ಸಾಯುವುದಿಲ್ಲ. ಮೈಗೆ ಬೇಕಾದ್ದನ್ನು ನಾನು ಯೋಚಿಸಿಯೇ ಹೇಳಿದ್ದೆ, ನಾಲಿಗೆಗೆ ಬೇಕಾದ್ದನ್ನು ಯೋಚಿಸಿಯೇ ಬಿಡಿಸಿದ್ದೆ. ದಿನಾ ಮಧ್ಯಾಹ್ನ ಬಂಗುಡೆಯ ಪುಳಿಮುಂಚಿ ಸಾರಿನಲ್ಲಿ ಊಟ ಮುಗಿಸಿ ನಾಡಿ ನೋಡಲು ಹೋಗುತ್ತಿದ್ದೆ. ಕೈಗೆ ಸಾಬೂನು ಹಾಕದೆ ರೋಗಿಯನ್ನು ಮುಟ್ಟಿದ್ದು ನನ್ನ ವೃತ್ತಿಯಲ್ಲಿ ಆ ಒಂದು ಮನೆಯಲ್ಲಿ ಮಾತ್ರ. ಮಣಿಕಟ್ಟು ಹಿಡಿದಾಗ ಅವರ ಮೂಗು ನನ್ನ ಬೆರಳಿನ ಹಿಂದೆಯೇ ಬರುತ್ತಿತ್ತು.

"ಇವತ್ತು ಬಂಗುಡೆಯಾ?" ಎಂದು ಕ್ಷೀಣ ದನಿಯಲ್ಲಿ ಕೇಳುತ್ತಿದ್ದರು.

"ತಾಜಾ ಸರ್. ಉರ್ವದಲ್ಲಿ ಇವತ್ತು ರಾಶಿ ಬಂದಿತ್ತು."

ಒಂದು ದಿನ ಅಡುಗೆಯವನನ್ನು ಪುಸಲಾಯಿಸಿ ಹುರಿದ ಕಾಣೆಯೊಂದನ್ನು ದಿಂಬಿನ ಅಡಿಗೆ ತರಿಸಿಕೊಂಡಿದ್ದರಂತೆ. ಹೆಂಡತಿ ವಾಸನೆ ಹಿಡಿದು, ಎಳೆದು ತೆಗೆದು, ಅವರ ಎದುರೇ ನಾಯಿಗೆ ಹಾಕಿದರು. ಅದನ್ನು ಹೇಳಲಿಕ್ಕೆ ಜಗಲಿಯ ತನಕ ನನ್ನ ಹಿಂದೆ ಬಂದವರು ದನಿ ತಗ್ಗಿಸಿದರು.

"ಡಾಕ್ಟ್ರೇ, ಈ ಪಥ್ಯ ಬೊಗಳೆ ಅಂತ ನನಗೆ ಗೊತ್ತುಂಟು."

ನಾನು ಜಗಲಿಯ ಮೆಟ್ಟಿಲು ಇಳಿಯಲು ಅವಸರ ಮಾಡಿದೆ.

"ಪ್ರತಿ ಬಾಣಂತನದಲ್ಲೂ ಇವರು ನನಗೆ ಮೀನು ಬಿಡಿಸಿದರು. ಕಾಮಾಲೆ ಬಂದಾಗ ವರ್ಷ ಪೂರ್ತಿ. ನನ್ನ ಎದುರು ಕೂತು ಕಾಣೆ ತಿನ್ನುತ್ತಾ ಇದ್ದರು. ಮುಳ್ಳು ಸಹ ಚೀಪಿ ಚೀಪಿ." ಒಳಗೆ ಒಮ್ಮೆ ನೋಡಿ ಮುಂದುವರಿಸಿದರು: "ಇನ್ನೊಂದು ಸ್ವಲ್ಪ ದಿನ ಹೇಳಿ. ನಿಮಗೆ ಪುಣ್ಯ ಬರ್ತದೆ."

ನನ್ನ ಜೀವಮಾನದಲ್ಲಿ ನಾನು ಕಂಡ ಒಬ್ಬಳೇ ಗುರು ಆಕೆ. ಮರುದಿನ ಹಾಲನ್ನೂ ಮಜ್ಜಿಗೆಗೆ ಇಳಿಸಿದೆ.

ಕೊನೆಗೊಂದು ಮಧ್ಯಾಹ್ನ, ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ, ದೊಡ್ಡ ಡಾಕ್ಟರು ನನ್ನ ಕೈ ಬಿಡಲಿಲ್ಲ.

"ನಿನಗೆ ಎಂತ ಬೇಕು ಹೇಳು."

"ನಿಮ್ಮದೊಂದು ಮಾತು ಸರ್. ಜ್ವರಕ್ಕೆ ಮೀನು ತಿನ್ನಬಹುದು, ಉರ್ವದ ಡಾಕ್ಟ್ರು ಹೇಳಿದ್ದು ಸರಿ. ಇಷ್ಟೇ."

"ಹೇಳಿದೆ. ಆಯ್ತಲ್ಲ?"

"ಇಲ್ಲಿ ಅಲ್ಲ. ನಿಮ್ಮ ಕ್ಲಿನಿಕ್ಕಿನಲ್ಲಿ. ಬೆಂಚು ತುಂಬಿರುವಾಗ."

"ಸಾಯ್ತೇನೆ ಹೊರತು ಹೇಳುವುದಿಲ್ಲ."

"ಗಂಜಿ ಬೆಚ್ಚಗೆ ಇರುವಾಗಲೇ ಕುಡಿಯಿರಿ ಸರ್," ಎಂದು ಎದ್ದೆ.

ಆ ವಾರ ದೊಡ್ಡ ಡಾಕ್ಟರ ಪಕ್ಕದ ಮನೆಯಲ್ಲಿ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಬೆಳಗಿನಿಂದ ಅಂಜಲ್ ಮೀನು ಹುರಿದರು. ಗಾಳಿಯೂ ನನ್ನ ಕಡೆಯದೇ ಆಗಿತ್ತು. ಸಂಜೆ ನನಗೆ ಹೇಳಿಕೆ ಬಂತು: ಸೋಮವಾರ ಕ್ಲಿನಿಕ್ ತೆರೆಯುತ್ತಾರೆ, ನೀವೂ ಬರಬೇಕಂತೆ.

ಸೋಮವಾರ ಬೆಂಚು ತುಂಬಿ ಜನ ಮೆಟ್ಟಿಲಿನ ತನಕ ನಿಂತಿದ್ದರು. ದೊಡ್ಡ ಡಾಕ್ಟರು ಸತ್ತು ಬದುಕಿ ಬಂದಿದ್ದಾರೆ ಎಂದು ನೋಡಲು ಬಂದವರೇ ಹೆಚ್ಚು. ನಾನು ಬಾಗಿಲಿಗೆ ಒರಗಿ ನಿಂತೆ. ಕೋಟು ಅವರ ಮೈಮೇಲೆ ಹ್ಯಾಂಗರಿಗೆ ಹಾಕಿದ ಹಾಗೆ ನೇತಾಡುತ್ತಿತ್ತು. ಅವರು ಎದ್ದು ನಿಂತು, ಯಾರನ್ನೂ ನೋಡದೆ, ಶಾಲೆಯಲ್ಲಿ ಪದ್ಯ ಒಪ್ಪಿಸುವವರ ಹಾಗೆ ಹೇಳಿದರು:

"ಜ್ವರಕ್ಕೆ ಮೀನು ತಿಂದರೆ ಎಂತದೂ ಆಗುವುದಿಲ್ಲ. ಎಲ್ಲರೂ ತಿನ್ನಬಹುದು. ಉರ್ವದ ಡಾಕ್ಟ್ರು ಹೇಳಿದ್ದು ಸರಿ."

ನನ್ನ ಎದೆ ಸೀಯಾಳದ ಹಾಗೆ ತುಂಬಿತು. ಅದೆಷ್ಟು ಹೊತ್ತು ತುಂಬಿರುತ್ತಿತ್ತೋ, ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತ ಅಜ್ಜಿಯೊಬ್ಬಳು ಸೊಸೆಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿತು.

"ಪಾಪ. ಆಫ್ರಿಕಾದ ಜ್ವರ ತಲೆಗೆ ಹೋಗಿದೆ."

ಅಜ್ಜಿ ಎದ್ದಳು. ಸೊಸೆ ಎದ್ದಳು. ಹಿಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಸ್ಕೂಟರ್ ಹತ್ತಿ ಉರ್ವಕ್ಕೆ ಬಂದೆ. ನಾನು ಗೆದ್ದಿದ್ದೆ, ಆದರೆ ಯಾರೂ ನಂಬಿರಲಿಲ್ಲ. ದುಬೈ ಇನ್ನೂ ಬಜಪೆಯ ಕಡೆಯಿಂದ ಕರೆಯುತ್ತಲೇ ಇತ್ತು.

ಸಂಜೆ ಕೋಣೆ ತೆರೆಯಲು ಹೋದರೆ ಮೆಟ್ಟಿಲ ಮೇಲೆ ಜನ. ಎಲ್ಲರ ಮುಂದೆ ಅದೇ ಅಜ್ಜಿ, ಸೊಸೆಯ ಕೈ ಹಿಡಿದುಕೊಂಡು. ಸೊಸೆಗೆ ಜ್ವರ. ಬೆಂಚಿನ ಬೆಕ್ಕನ್ನು ಅಜ್ಜಿಯೇ ಓಡಿಸಿ ಕೂತಳು.

"ಮಗಾ, ಬಲ್ಮಠದವರಿಗೆ ತಲೆ ಸರಿ ಇಲ್ಲ. ಎಲ್ಲ ತಿನ್ನಿ ಅಂತಾರೆ. ನೀನು ಅವರಿಗೇ ಗಂಜಿ ಕುಡಿಸಿದೆಯಂತೆ? ಕತ್ತಿಯನ್ನೂ ಮುಟ್ಟಿಸಲಿಲ್ಲವಂತೆ? ಅಂಥ ಪಥ್ಯ ಹೇಳುವ ಡಾಕ್ಟ್ರು ಈ ಊರಿನಲ್ಲಿ ಬೇರೆ ಯಾರಿದ್ದಾರೆ!"

ಹೋಟೆಲಿನ ಮ್ಯಾನೇಜರು, ಅಡುಗೆಯವನು, ನೆಂಟರು, ಎಲ್ಲರೂ ಸೇರಿ ನನ್ನ ಗಂಜಿಯ ಕತೆಯನ್ನು ಊರಿಡೀ ಹಂಚಿದ್ದರು. ಸೊಸೆಯ ಬೆರಳು ಚುಚ್ಚಿದೆ, ನೋಡಿದೆ, ಮಾತ್ರೆ ಕೊಟ್ಟೆ. ಪ್ರಶ್ನೆ ಬರುವುದನ್ನು ಇಡೀ ಮೆಟ್ಟಿಲು ಕಾಯುತ್ತಿತ್ತು.

"ಪಥ್ಯ?"

ಇಲ್ಲ ಎಂದರೆ ಮೆಟ್ಟಿಲು ಖಾಲಿ. ಗಂಜಿ ಎಂದರೆ, ಆ ಬಡಕಲು ಹುಡುಗಿಯ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. ನಾನು ಎರಡು ಕೈಯನ್ನೂ ಮೇಜಿನ ಮೇಲೆ ಊರಿ, ದನಿ ದಪ್ಪ ಮಾಡಿದೆ.

"ಕಠಿಣ ಪಥ್ಯ ಉಂಟು ಅಜ್ಜಿ. ಬಂಗುಡೆ ತಿನ್ನಬಹುದು, ಬೂತಾಯಿ ತಿನ್ನಬಹುದು. ಬಾಲ ಮಾತ್ರ ಮುಟ್ಟಬಾರದು. ಬಾಲ ತಿಂದರೆ ಮತ್ತೆ ನನ್ನನ್ನು ಕೇಳಬೇಡಿ."

ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು. "ಬಾಲ! ನೋಡಿದೆಯಾ," ಎಂದು ಸೊಸೆಗೆ ಹೇಳಿದಳು, "ಅದಕ್ಕೇ ನಿನಗೆ ಜ್ವರ ಇಳಿಯದಿದ್ದದ್ದು."

ಆಮೇಲೆ ನನಗೆ ಬೆಂಚು ಸಾಲದೆ ಇನ್ನೊಂದು ಹಾಕಿಸಿದೆ. ಬೋರ್ಡು ಇಳಿಸುವ ಮಾತು ಮಾವನ ಬಾಯಿಯಲ್ಲೂ ಬರಲಿಲ್ಲ. ಉರ್ವದಲ್ಲಿ ಜ್ವರದ ಮನೆ ಯಾವುದು ಎಂದು ಹಿತ್ತಿಲಿಗೆ ಬಿದ್ದ ಬಾಲ ನೋಡಿ ಹೇಳಬಹುದಿತ್ತು. ಬಲ್ಮಠಕ್ಕೂ ಸುದ್ದಿ ಮುಟ್ಟಿತು. ಅಲ್ಲಿ ಉಳಿದ ಕೆಲವೇ ರೋಗಿಗಳು ದೊಡ್ಡ ಡಾಕ್ಟರನ್ನು ಕೇಳತೊಡಗಿದರು, "ಡಾಕ್ಟ್ರೇ, ಬಾಲ ತಿನ್ನಬಹುದಾ?"

ಬೆಂಚಿನ ಎದುರು ಎಲ್ಲರೂ ಎಲ್ಲವನ್ನೂ ತಿನ್ನಬಹುದು ಎಂದು ಒಪ್ಪಿಸಿದ ಮನುಷ್ಯ. ಈಗ ತಿರುಗಿ ಬೇಡ ಎನ್ನುವ ಹಾಗಿರಲಿಲ್ಲ. ಹಲ್ಲು ಕಚ್ಚಿಕೊಂಡು, "ತಿನ್ನಬಹುದು," ಎನ್ನುತ್ತಿದ್ದರಂತೆ.

ರೋಗಿಗಳು ಪಾಪ ಎಂದು ತಲೆಯಾಡಿಸಿ, ಕೆಳಗಿಳಿದು, ಉರ್ವದ ಬಸ್ಸಿಗೆ ಕಾದು ನಿಲ್ಲುತ್ತಿದ್ದರು.